ಚಾಯದ ಮಾತ್ರೆ

ಮರ್ವಿನನ ಕ್ಯಾಟರಿಂಗ್‌ನಲ್ಲಿ ಯಾರಿಗೆ ಎಲ್ಲಿ ನೋವಾದರೂ ದೇಯಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಸಾಂಬಾರಿನ ಹಂಡೆ ಇಳಿಸಿ ಸೊಂಟ ಹಿಡಿದವರು, ಕಾಯಿ ತುರಿದು ತುರಿದು ಭುಜ ಸೋತವರು, ನಿಂತು ನಿಂತು ಕಾಲು ಬೀಗಿದವರು. ದೇಯಿ ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಪರ್ಸಿಗೆ ಕೈ ಹಾಕುತ್ತಿದ್ದಳು. ಪಟ್ಟಿಯಿಂದ ಒಂದು ಮಾತ್ರೆ ಚಿವುಟಿ ಕೊಡುತ್ತಿದ್ದಳು. ಅರ್ಧ ತಾಸಿನಲ್ಲಿ ನೋವು ಹೋಗುತ್ತಿತ್ತು. ಮತ್ತೆ ಕೆಲಸ.

ಅದನ್ನು ಅವರೆಲ್ಲ ಚಾಯದ ಮಾತ್ರೆ ಎನ್ನುತ್ತಿದ್ದರು. ಮದುವೆಯ ದಿನ ಬೆಳಕು ಹರಿಯುವ ಮೊದಲೇ ಸಭಾಭವನದ ಹಿಂದಿನ ಅಡಿಗೆಮನೆಗೆ ಹೋಗಬೇಕು. ಮೊದಲು ಒಂದು ದೊಡ್ಡ ಪಾತ್ರೆಯಲ್ಲಿ ಚಾಯ ಆಗುತ್ತದೆ. ಚಾಯದ ಜೊತೆ ಒಂದು ಮಾತ್ರೆ ನುಂಗಿದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಮೈಯ ನೆನಪೇ ಬರುವುದಿಲ್ಲ. ಅಲ್ಲಿ ಯಾರೂ ಅದನ್ನು ಮದ್ದು ಎಂದು ಎಣಿಸಿರಲಿಲ್ಲ. ಮದ್ದು ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದುಕೊಡುವುದು, ಕಾಯಿಲೆಗೆ ತಿನ್ನುವುದು. ಇದು ಕೆಲಸಕ್ಕೆ ತಿನ್ನುವುದು. ವೀಳ್ಯದ ಎಲೆಗೆ ಸುಣ್ಣ ಹಚ್ಚಿದ ಹಾಗೆ, ಚಾಯಕ್ಕೆ ಮಾತ್ರೆ.

"ದೇಯಕ್ಕ, ನೀವು ಈ ಕೆಲಸ ಬಿಟ್ಟು ಒಂದು ಮೆಡಿಕಲ್ ಇಡಿ ಮಾರಾಯ್ರೆ," ಎಂದು ಮರ್ವಿನ್ ತಮಾಷೆ ಮಾಡುತ್ತಿದ್ದ.

"ನಾನು ಮೆಡಿಕಲ್ ಇಟ್ರೆ ನಿಮ್ಮ ಹಂಡೆ ತಿಕ್ಕುದು ಯಾರು? ನಿಮ್ಮ ಹೆಂಡತಿಯಾ?"

"ಅವಳು ಒಂದು ಗ್ಲಾಸು ತೊಳೆದ್ರೆ ಎರಡು ದಿನ ಮಲಗ್ತಾಳೆ."

"ಹಾಗಾದ್ರೆ ಅವಳಿಗೂ ಒಂದು ಮಾತ್ರೆ ತಗೊಂಡು ಹೋಗಿ."

ಅಡಿಗೆಮನೆ ಇಡೀ ನಗುತ್ತಿತ್ತು. ಅವಳ ಜೊತೆ ತರಕಾರಿ ಹೆಚ್ಚುವ ಅಪ್ಪಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆ ಮಾತ್ರೆ ಕೊಡುವುದರಲ್ಲಿ ದೇಯಿಗೆ ಒಂದು ಹೆಮ್ಮೆ ಇತ್ತು. ಅವಳು ಹೆಚ್ಚು ಕಲಿತವಳಲ್ಲ. ಬಜ್ಪೆ ಕಡೆ ಗದ್ದೆ ಕೆಲಸದ ಮನೆಯಲ್ಲಿ ಹುಟ್ಟಿದವಳು. ಕನ್ನಡ ಓದಲು ಬರುವಷ್ಟು ಶಾಲೆಗೆ ಹೋಗಿ ಬಿಟ್ಟವಳು. ಒಬ್ಬರ ನೋವು ತನ್ನ ಕೈಯಿಂದ ಹೋಗುತ್ತದೆ ಎಂದರೆ ಅದು ಸಣ್ಣ ವಿಷಯ ಆಗಿರಲಿಲ್ಲ.

ಮದುವೆಯಾಗಿ ದೇರೆಬೈಲಿಗೆ ಬಂದಿದ್ದಳು. ಗಂಡ ಮೋಹನದಾಸ್ ರಿಕ್ಷಾ ಓಡಿಸುತ್ತಿದ್ದರು. ಮಾತು ಕಡಿಮೆ. ಕುಡಿತ ಇಲ್ಲ, ಬೀಡಿ ಇಲ್ಲ. ಅವಳಿಗೆ ಯಾವ ಸಭಾಭವನದಲ್ಲಿ ಕೆಲಸ ಇದ್ದರೂ ಅವರೇ ಬಿಟ್ಟು ಬರುತ್ತಿದ್ದರು, ಅವರೇ ಕರೆದುಕೊಂಡು ಬರುತ್ತಿದ್ದರು. ಇದ್ದ ಒಬ್ಬಳೇ ಮಗಳು ಪ್ರಣೀತಾಳನ್ನು ಕಾಲೇಜಿಗೆ ಕಳಿಸಿ, ವಾಮಂಜೂರಿನ ರೂಪೇಶನಿಗೆ ಕೊಟ್ಟರು. ರೂಪೇಶ ಮಸ್ಕತ್ತಿನಲ್ಲಿ ಎಸಿ ಕೂಡಿಸುವ ಕೆಲಸದಲ್ಲಿದ್ದ.

ಹೋದ ವರ್ಷ ನಂತೂರಿನಲ್ಲಿ ಒಂದು ಕಂಟೈನರ್ ಲಾರಿ ರಿಕ್ಷಾಕ್ಕೆ ಹೊಡೆಯಿತು. ಜಂಕ್ಷನ್ನಿನಲ್ಲಿ ಒಂದು ಕಡೆಯ ರಸ್ತೆ ಅಗೆದು ಹಾಕಿದ್ದರು. ಎಲ್ಲ ಗಾಡಿಗಳೂ ಒಂದೇ ಕಡೆ ನುಗ್ಗುತ್ತಿದ್ದವು. ರಿಕ್ಷಾ ಹೋಯಿತು, ಮೋಹನದಾಸರೂ ಹೋದರು. ದೇಯಿ ನೋಡುವಾಗ ಅಂಗಿ ಮಾತ್ರ ಅವರದ್ದು ಎಂದು ಗೊತ್ತಾಗುವ ಹಾಗಿತ್ತು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಅವಳು ಮತ್ತೆ ಕೆಲಸಕ್ಕೆ ಹೋದಳು. ಅಳಲಿಲ್ಲ ಎಂದು ಕೆಲವರು ಆಡಿಕೊಂಡರು. ಅವಳಿಗೆ ಅಳು ಬಂದಿರಲಿಲ್ಲ. ಕಣ್ಣಿನ ಹಿಂದೆ ಎಂತದೋ ಕಟ್ಟಿ ನಿಂತ ಹಾಗಿತ್ತು. ಇವತ್ತಿಗೂ ರಿಕ್ಷಾದ ಶಬ್ದ ಕೇಳಿದರೆ ಅವಳು ಸೆರಗು ಸರಿಮಾಡಿಕೊಂಡು ಏಳುತ್ತಾಳೆ.

ಅದಾಗಿ ಕೆಲವು ತಿಂಗಳಿಗೆ, ರೂಪೇಶ ರಜೆಯಲ್ಲಿ ಬಂದು ಹೋದ ಮೇಲೆ, ಪ್ರಣೀತಾ ಬಸುರಿ ಎಂದು ಗೊತ್ತಾಯಿತು. ಸುದ್ದಿ ಕೇಳಿ ಅಪ್ಪಿ ಕತ್ತಿ ಕೆಳಗಿಟ್ಟು ಹೇಳಿದಳು, "ದೇಯಕ್ಕ, ಬೇರೆ ಯಾರೂ ಅಲ್ಲ. ಮೋಹನಣ್ಣನೇ ಬರುದು."

ದೇಯಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆದರೆ ಆ ಮಾತು ಅವಳ ಒಳಗೆ ಹೋಗಿ ಕುಳಿತಿತು. ಅವರು ಹಾಗೆ ಹೇಳದೆ ಹೋಗುವವರಲ್ಲ. ಮಗಳ ಹೊಟ್ಟೆಯಲ್ಲಿ ಬಂದಿದ್ದಾರೆ. ಈ ಸಲ ಅವರನ್ನು ತಾನು ನೋಡಿಕೊಳ್ಳಬೇಕು. ಈ ಸಲ ಬಿಡಬಾರದು.

ಏಳನೆಯ ತಿಂಗಳಲ್ಲಿ ವಾಮಂಜೂರಿನ ಮನೆಯಲ್ಲಿ ಸೀಮಂತದ ಬಯಕೆ ಮಾಡಿದರು. ಮಡಿಲು ತುಂಬಿಸುವಾಗ ದೇಯಿ ಹಿಂದೆ, ಪಾತ್ರೆಗಳ ಹತ್ತಿರ ನಿಂತಿದ್ದಳು. ಗಂಡ ಹೋದವಳು ಮುಂದೆ ಬರುವ ಹಾಗಿಲ್ಲ. ಯಾರೂ ಹೇಳಲಿಲ್ಲ, ಅವಳೇ ನಿಂತದ್ದು. ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಹೆರಿಗೆಗೆ ದೇರೆಬೈಲಿಗೆ ಕರೆದುಕೊಂಡು ಬಂದಳು.

ಅವತ್ತಿನಿಂದ ಅವಳು ಬಾಗಿಲಲ್ಲಿ ಕಾವಲು ಕೂತ ಹಾಗೆ ಕೂತಳು. ಪಪ್ಪಾಯಿ ಮನೆಯೊಳಗೆ ಬರಲಿಲ್ಲ. ಅನಾನಸು ಬರಲಿಲ್ಲ. ಮೂರುಸಂಜೆಗೆ ಮಗಳು ಅಂಗಳಕ್ಕೆ ಇಳಿಯಬಾರದು. ಗ್ರಹಣದ ದಿನ ಕಿಟಕಿಗೆಲ್ಲ ಪೇಪರು ಅಂಟಿಸಿ ಮಗಳನ್ನು ಕೋಣೆಯಲ್ಲಿ ಕೂರಿಸಿದಳು. ಕತ್ತರಿ, ಸೂಜಿ ಎಲ್ಲ ತೆಗೆದು ಅಡಗಿಸಿಟ್ಟಳು. ಪಕ್ಕದ ಮನೆಯವರು ಗೇಟಿಗೆ ಪೈಂಟ್ ಹೊಡೆಸುವಾಗ ಹೋಗಿ ಜಗಳ ಮಾಡಿದಳು.

"ನನ್ನ ಮಗಳು ಹೆತ್ತು ಹೋಗುವವರೆಗೆ ನಿಮ್ಮ ಗೇಟಿಗೆ ತುಕ್ಕು ಹಿಡಿದ್ರೆ ಎಂತ ಆಗ್ತದೆ? ಆ ವಾಸನೆ ಮಗುವಿಗೆ ಆಗುದಿಲ್ಲ."

ಬೀಡಿ ಸೇದುತ್ತಾ ನೋಡಲು ಬಂದ ಮೋಹನದಾಸರ ಅಣ್ಣನನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಪ್ರಣೀತಾಳಿಗೆ ನಾಚಿಕೆ.

"ಅಮ್ಮ, ಹೀಗೆ ಮಾಡಿದ್ರೆ ನಾಳೆ ಮಗುವಿಗೆ ಹೆಸರಿಡ್ಲಿಕ್ಕೆ ಯಾರೂ ಬರುದಿಲ್ಲ."

"ಬರುದು ಬೇಡ. ನಾನು ಒಬ್ಬಳೇ ಇಡ್ತೇನೆ."

ಪ್ರಣೀತಾ ಹಂಪನಕಟ್ಟೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಯಕೆಯ ಮುಂಚಿನ ವಾರದವರೆಗೂ ನಿಂತೇ ಸೀರೆ ಬಿಡಿಸಿ ತೋರಿಸಿದವಳು. ಹೊಟ್ಟೆ ಕೆಳಗೆ ಇಳಿದ ಹಾಗೆ ಸೊಂಟದ ಬುಡದಲ್ಲಿ ನೋವು ಸುರುವಾಯಿತು. ಕೂತರೆ ಏಳಲಿಕ್ಕಾಗುವುದಿಲ್ಲ, ಮಲಗಿದರೆ ಮಗ್ಗುಲು ತಿರುಗಲಿಕ್ಕಾಗುವುದಿಲ್ಲ. ಹೆರಿಗೆ ಡಾಕ್ಟರನ್ನು ಕೇಳಿದರೆ, ಇದು ಇರುವುದೇ, ವಿಶ್ರಾಂತಿ ತಗೊಳ್ಳಿ, ಬಿಸಿನೀರಿನ ಚೀಲ ಇಡಿ ಎಂದರು. ದೇಯಿಗೆ ಸಿಟ್ಟು ಬಂತು. ಬಿಸಿನೀರಿಗೆ ಹೋಗುವ ನೋವಾದರೆ ಡಾಕ್ಟರ ಹತ್ತಿರ ಯಾಕೆ ಹೋಗಬೇಕು?

ಒಂದು ಬೆಳಿಗ್ಗೆ ಪ್ರಣೀತಾ ಮಂಚದ ಅಂಚಿನಲ್ಲಿ ಕೂತು ಅಳುತ್ತಿದ್ದಳು. ನೆಲಕ್ಕೆ ಕಾಲು ಊರಲು ಆಗುತ್ತಿರಲಿಲ್ಲ. ದೇಯಿ ಚಾಯ ತಂದಳು. ಪರ್ಸಿನಿಂದ ಒಂದು ಮಾತ್ರೆ ಚಿವುಟಿ ಕೈಯಲ್ಲಿಟ್ಟಳು.

"ಇದು ನುಂಗು. ನಾವೆಲ್ಲ ತಿನ್ನುದು."

ಇಡ್ಲಿ ಇಳಿಸುವಷ್ಟರಲ್ಲಿ ಮಗಳು ತಾನಾಗಿ ಎದ್ದು ಅಡಿಗೆಮನೆಗೆ ಬಂದಳು. ಮುಖದಲ್ಲಿ ನಗು ಇತ್ತು.

"ಎಂತ ಮಾರಾಯ್ತಿ ಅಮ್ಮ ಇದು, ಮಂತ್ರವಾ? ಮೊದ್ಲೇ ಕೊಡ್ಬಹುದಿತ್ತಲ್ಲ?"

ಆಮೇಲೆ ದಿನಾ ಬೆಳಿಗ್ಗೆ ಚಾಯದ ಜೊತೆ ಒಂದು. ಕೆಲವು ದಿನ ಸಂಜೆಯ ಚಾಯಕ್ಕೂ ಒಂದು. ಮಗಳು ನಡೆದಳು, ನಿದ್ರೆ ಮಾಡಿದಳು, ಹೊಟ್ಟೆ ತುಂಬ ಉಂಡಳು. ದೇಯಿಗೆ ಸಮಾಧಾನ.

ಒಂಬತ್ತಕ್ಕೆ ಬೀಳುವ ಮೊದಲು ಸ್ಕ್ಯಾನಿಂಗಿಗೆ ಹೋದರು. ಸ್ಕ್ಯಾನಿಂಗ್ ಮಾಡುವವರು ಮೊದಲು ಮಾತಾಡುತ್ತಿದ್ದರು. ಮಗು ಕಾಲು ಎತ್ತಿದೆ, ಬೆರಳು ಬಾಯಿಗೆ ಹಾಕಿದೆ ಎಂದೆಲ್ಲ. ಆಮೇಲೆ ಮಾತು ನಿಂತಿತು. ಒಂದೇ ಜಾಗದಲ್ಲಿ ಆ ಯಂತ್ರವನ್ನು ಒತ್ತಿ ಒತ್ತಿ ನೋಡಿದರು. ಇನ್ನೊಬ್ಬರನ್ನು ಕರೆದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಪ್ರಣೀತಾಳಿಗೆ ಅದು ಅರ್ಥವಾಯಿತು. ಅವಳ ಮುಖ ನೋಡಿ ದೇಯಿಗೂ ಅರ್ಥವಾಯಿತು.

"ಎಂತ ಹೇಳಿದ್ದು ಮಗಾ?"

"ಹೃದಯದ ಬಲಗಡೆ ದೊಡ್ಡದಾಗಿದೆಯಂತೆ. ಒಳಗೆ ನೀರು ಕಡಿಮೆ ಆಗಿದೆಯಂತೆ. ಮಕ್ಕಳ ಹಾರ್ಟಿನ ಡಾಕ್ಟ್ರಿಗೆ ತೋರಿಸ್ಲಿಕ್ಕೆ ಹೇಳಿದ್ರು. ಇವತ್ತೇ."

ಇನ್ನೂ ಹುಟ್ಟದ ಮಗುವಿಗೆ ಹೃದಯದ ಡಾಕ್ಟರು. ದೇಯಿಗೆ ಅಂಥದ್ದು ಕೇಳಿಯೇ ಗೊತ್ತಿರಲಿಲ್ಲ. ದಾರಿಯಲ್ಲಿ ವಾಮಂಜೂರಿನಿಂದ ಪ್ರಣೀತಾಳ ಅತ್ತೆಯ ಫೋನು ಬಂತು. ನಮ್ಮ ಕಡೆ ಯಾರಿಗೂ ಹಾರ್ಟಿನ ತೊಂದರೆ ಇಲ್ಲ ಎಂದು ಮೊದಲೇ ಹೇಳಿಬಿಟ್ಟರು. ಗ್ರಹಣದ ದಿನ ಸರಿಯಾಗಿ ನೋಡಿಕೊಂಡಿದ್ದೀರಾ ಎಂದು ಕೇಳಿದರು. ದೇಯಿ ಕಿಟಕಿಯ ಪೇಪರನ್ನು ನೆನಪು ಮಾಡಿಕೊಂಡಳು. ಎಲ್ಲಾದರೂ ಒಂದು ಮೂಲೆ ಬಿಟ್ಟಿತ್ತಾ? ಬೆಳಕು ಬಂದಿತ್ತಾ? ಅದನ್ನೇ ಯೋಚಿಸುತ್ತಾ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು.

ಹೃದಯದ ಡಾಕ್ಟರ ಹೆಸರು ನಾಝಿಮಾ. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಸಣ್ಣ ಪ್ರಾಯ. ಅವರು ತುಂಬಾ ಹೊತ್ತು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಕೆಂಪು, ನೀಲಿ ಬಣ್ಣಗಳು ಓಡುತ್ತಿದ್ದವು. ನಡುವೆ ಒಂದು ಕಡೆ ಬಣ್ಣ ಕಲಸಿಹೋಗಿ ಹಳದಿಯಾಗಿ ಮಿಂಚುತ್ತಿತ್ತು. ಡಾಕ್ಟರು ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಆಮೇಲೆ ಕೇಳಲು ಸುರುಮಾಡಿದರು.

"ಮೊದಲ ತಿಂಗಳುಗಳಲ್ಲಿ ಜ್ವರ ಬಂದಿತ್ತಾ? ಮೈಮೇಲೆ ಕೆಂಪು ಗುಳ್ಳೆ?"

"ಇಲ್ಲ."

"ಸಕ್ಕರೆ ಕಾಯಿಲೆ? ಫಿಟ್ಸಿಗೆ ಮದ್ದು? ಮೊಡವೆಗೆ ಮಾತ್ರೆ ತಗೊಂಡದ್ದುಂಟಾ?"

"ಇಲ್ಲ."

"ಮನೆಯಲ್ಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ? ಪೈಂಟ್, ತಿನ್ನರ್, ಅಂಥ ವಾಸನೆ?"

"ನಾನು ಯಾರನ್ನೂ ಒಳಗೆ ಬಿಡ್ಲಿಲ್ಲ," ಎಂದಳು ದೇಯಿ. ಸಿಟ್ಟೇ ಬಂದಿತ್ತು. "ಪಕ್ಕದವರ ಪೈಂಟನ್ನೂ ನಿಲ್ಲಿಸಿದ್ದೇನೆ."

"ಒಳ್ಳೇದು ಮಾಡಿದ್ರಿ ಅಮ್ಮ. ಹೃದಯ ಕಟ್ಟುದು ಮೊದಲ ಎರಡು ತಿಂಗಳಲ್ಲೇ. ಆಗ ಇಂಥದ್ದೆಲ್ಲ ತಾಗಿದ್ರೆ ಗೋಡೆಯಲ್ಲಿ ತೂತು ಉಳೀತದೆ, ನಳಿಗೆ ಅದಲುಬದಲಾಗ್ತದೆ. ಆದ್ರೆ ಈ ಮಗುವಿಗೆ ಹೃದಯ ಸರಿಯಾಗೇ ಕಟ್ಟಿದೆ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೂ ಎಲ್ಲ ಸರಿ ಇತ್ತು. ಈಗ ಹೊಸದಾಗಿ ಎಂತದೋ ಆಗಿದೆ." ಅವರು ಪ್ರಣೀತಾಳ ಕಡೆ ತಿರುಗಿದರು. "ಈಚೆಗೆ ಬೇರೆ ಮದ್ದು ಎಂತಾದ್ರೂ?"

"ಐರನ್, ಕ್ಯಾಲ್ಸಿಯಂ. ಅಷ್ಟೇ."

"ನಾಟಿ ಮದ್ದು? ಕಷಾಯ?"

"ಎಂತದ್ದೂ ಇಲ್ಲ ಡಾಕ್ಟ್ರೇ," ಎಂದಳು ದೇಯಿ. "ಡಾಕ್ಟ್ರು ಬರೆದದ್ದು ಬಿಟ್ಟು ಒಂದು ಮದ್ದೂ ಕೊಡ್ಲಿಲ್ಲ."

ಅವಳು ಸುಳ್ಳು ಹೇಳಲಿಲ್ಲ. ಮಗಳೂ ಸುಳ್ಳು ಹೇಳಲಿಲ್ಲ.

ಡಾಕ್ಟರು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು. ಮಗು ಮಗ್ಗುಲು ಬದಲಿಸಿದ ಮೇಲೆ ಇನ್ನೊಮ್ಮೆ ನೋಡಬೇಕಿತ್ತು. ಹೊರಗೆ ಗೋಡೆಯ ಬದಿಗೆ ಬೆಂಚು ಇತ್ತು. ಅಂಗಾತ ಮಲಗಿ ಮಲಗಿ ಪ್ರಣೀತಾಳ ಸೊಂಟ ಹಿಡಿದಿತ್ತು. ಅವಳು ಬೆಂಚಿನ ಅಂಚು ಹಿಡಿದು ಹಲ್ಲು ಕಚ್ಚಿ ಕೂತಳು.

ದೇಯಿ ಕ್ಯಾಂಟೀನಿಗೆ ಇಳಿದು ಚಾಯ ತಂದಳು. ಬೆಳಿಗ್ಗೆ ಗಡಿಬಿಡಿಯಲ್ಲಿ ಚಾಯ ಕುಡಿಸಿರಲಿಲ್ಲ. ಮಗಳ ಕೈಗೆ ಲೋಟ ಕೊಟ್ಟಳು. ಪರ್ಸು ತೆಗೆದಳು. ಚಿವುಟಿದಳು. ಪ್ರಣೀತಾ ಬಾಯಿ ತೆರೆದಳು.

"ಎಂತ ಅದು?"

ಎದುರಿಗೆ ನರ್ಸ್ ನಿಂತಿದ್ದಳು. ಅವಳ ಹೆಸರು ಖೈರುನ್ನಿಸಾ ಎಂದು ಎದೆಯ ಮೇಲೆ ಕನ್ನಡದಲ್ಲಿ ಬರೆದಿತ್ತು. ಒಳಗೆ ಕರೆಯಲು ಬಂದವಳು.

"ಎಂತ ಇಲ್ಲ ಸಿಸ್ಟರ್," ಎಂದಳು ದೇಯಿ. "ಚಾಯದ ಮಾತ್ರೆ."

"ಚಾಯದ ಮಾತ್ರೆ ಅಂದ್ರೆ?"

"ಸೊಂಟನೋವಿಗೆ. ಚಾಯದ ಜೊತೆ ತಿನ್ನುದು. ಹೀಗೇ."

ಖೈರುನ್ನಿಸಾ ಕೈ ಚಾಚಿದಳು. ದೇಯಿ ಮಾತ್ರೆಯ ಪಟ್ಟಿಯನ್ನು ಕೊಟ್ಟಳು. ನರ್ಸ್ ಅದನ್ನು ತಿರುಗಿಸಿ ಓದಿದಳು. ಮಗಳ ಬೆರಳಿನ ನಡುವೆ ಇದ್ದ ಮಾತ್ರೆಯನ್ನೂ ತೆಗೆದುಕೊಂಡಳು. ಒಳಗೆ ಓಡಿದಳು. ಆಸ್ಪತ್ರೆಯಲ್ಲಿ ನರ್ಸ್ ಓಡುವುದನ್ನು ದೇಯಿ ನೋಡಿದ್ದು ಇದು ಎರಡನೆಯ ಸಲ. ಮೊದಲನೆಯದು ನಂತೂರಿನ ದಿನ.

ಡಾಕ್ಟರೇ ಹೊರಗೆ ಬಂದರು. ಕೈಯಲ್ಲಿ ಆ ಪಟ್ಟಿ ಇತ್ತು.

"ಇದು ಎಷ್ಟು ದಿನದಿಂದ?"

"ಬಯಕೆ ಆಗಿ ಬಂದ ಮೇಲೆ," ಎಂದಳು ಪ್ರಣೀತಾ. ಅವಳ ಸ್ವರ ಇಳಿದಿತ್ತು.

"ದಿನಾ?"

"ದಿನಾ."

"ನಾನು ಕೇಳಿದೆ ಅಲ್ವಾ, ಮದ್ದು ತಗೊಳ್ತೀರಾ ಅಂತ?"

ಅಡ್ಡ ಹೋಗುತ್ತಿದ್ದವರು ನಿಂತು ನೋಡಿದರು. ಡಾಕ್ಟರು ಅವರಿಬ್ಬರನ್ನು ಒಳಗೆ ಕರೆದು ಬಾಗಿಲು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ದೇಯಿಗೆ ಸುಲಭ ಆಗುತ್ತಿತ್ತು.

"ಅಮ್ಮ, ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುದಿಲ್ಲ. ಶ್ವಾಸಕೋಶಕ್ಕೆ ಕೆಲಸ ಇಲ್ಲ. ಹಾಗಾಗಿ ಅಲ್ಲಿಗೆ ಹೋಗುವ ರಕ್ತಕ್ಕೆ ಒಂದು ಅಡ್ಡದಾರಿ ಇರ್ತದೆ. ಸಣ್ಣ ನಳಿಗೆ. ಅದರಲ್ಲಿ ರಕ್ತ ಸೀದಾ ಮೈಗೆ ಹೋಗ್ತದೆ. ಹುಟ್ಟಿ ಉಸಿರು ಎಳೆದ ಮೇಲೆ ಆ ದಾರಿ ತಾನಾಗಿ ಮುಚ್ಚಿಕೊಳ್ಳಬೇಕು. ಈ ಮಾತ್ರೆ ಅದನ್ನು ಈಗಲೇ ಮುಚ್ಚಲಿಕ್ಕೆ ಹೊರಟಿದೆ."

ದೇಯಿ ಮಗಳ ಹೊಟ್ಟೆಯನ್ನೇ ನೋಡಿದಳು. ಅರ್ಥವಾಗಲಿಲ್ಲ ಎಂದು ಡಾಕ್ಟರಿಗೆ ಅನಿಸಿರಬೇಕು.

"ನಂತೂರಿನಲ್ಲಿ ಒಂದು ಕಡೆ ರಸ್ತೆ ಮುಚ್ಚಿದ್ರೆ ಎಂತ ಆಗ್ತದೆ? ಹಿಂದೆ ಎಲ್ಲ ತುಂಬ್ತದೆ ಅಲ್ವಾ? ಹಾಗೆ. ರಕ್ತ ಮುಂದೆ ಹೋಗದೆ ಹೃದಯದ ಬಲಗಡೆ ತುಂಬಿ ಅದು ಉಬ್ಬಿದೆ. ಮಗುವಿನ ಮೂತ್ರವೂ ಕಡಿಮೆ ಆಗಿದೆ. ಅದಕ್ಕೇ ಒಳಗೆ ನೀರು ಕಡಿಮೆ."

ಡಾಕ್ಟರಿಗೆ ಮೋಹನದಾಸರ ವಿಷಯ ಗೊತ್ತಿರಲಿಲ್ಲ. ಸುಲಭದಲ್ಲಿ ತಿಳಿಯಲಿ ಎಂದು ಹೇಳಿದ ಮಾತು. ದೇಯಿ ಕುರ್ಚಿಯ ಕೈ ಹಿಡಿದುಕೊಂಡಳು. ಆ ದಿನ ನೋಡಿದ ಅಂಗಿ ಕಣ್ಣೆದುರು ಬಂತು. ಅಗೆದ ರಸ್ತೆ ಬಂತು. ಈಗ ಅದೇ ರಸ್ತೆ ಮಗಳ ಹೊಟ್ಟೆಯೊಳಗೆ. ಮುಚ್ಚಿದ್ದು ರಸ್ತೆ ಅಗೆದವರಲ್ಲ. ಅವಳ ಎರಡು ಬೆರಳು.

"ಪಪ್ಪಾಯಿ ಕೊಡ್ಲಿಲ್ಲ ಡಾಕ್ಟ್ರೇ," ಎಂದಳು.

ಅದನ್ನೇ ಯಾಕೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಬಾಯಿಯಲ್ಲಿ ಬೇರೆ ಮಾತು ಇರಲಿಲ್ಲ.

"ಮಗು ಉಳೀತದಾ?" ಎಂದು ಪ್ರಣೀತಾ ಕೇಳಿದಳು.

"ಈಗ ಮಗು ತಡಕೊಂಡಿದೆ. ಮಾತ್ರೆ ಇವತ್ತೇ ನಿಲ್ಲಿಸಬೇಕು. ಇದು ಮಾತ್ರ ಅಲ್ಲ, ಇದರ ಜಾತಿಯ ನೋವಿನ ಮಾತ್ರೆ ಯಾವುದೂ ಬೇಡ. ತಲೆನೋವಿಗೂ ನಮ್ಮನ್ನು ಕೇಳದೆ ತಗೊಳ್ಬಾರದು. ನಿಲ್ಲಿಸಿದ್ರೆ ಹೆಚ್ಚಿನ ಮಕ್ಕಳಿಗೆ ದಾರಿ ಮತ್ತೆ ತೆರೀತದೆ. ಎಲ್ಲರಿಗೂ ಅಂತ ಹೇಳ್ಲಿಕ್ಕಾಗುದಿಲ್ಲ. ತೆರೆಯದಿದ್ರೆ ಬೇಗ ಹೆರಿಗೆ ಮಾಡಿಸಬೇಕಾದೀತು. ನಾಡಿದ್ದು ಬನ್ನಿ. ಮಗು ಆಡುದು ಕಡಿಮೆ ಅನಿಸಿದ್ರೆ ಕಾಯಬೇಡಿ, ಆಗಲೇ ಬನ್ನಿ."

ಮನೆಗೆ ಬಂದ ಕೂಡಲೇ ಮಗಳು ಹೊಟ್ಟೆಯ ಮೇಲೆ ಎರಡು ಕೈ ಇಟ್ಟುಕೊಂಡು ಮಂಚದಲ್ಲಿ ಕೂತಳು. ನೋವಿಗೆ ಬೆವರುತ್ತಿದ್ದಳು. ಅಮ್ಮ ಹತ್ತಿರ ಬಂದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು. ದೇಯಿ ಅನ್ನ ಬಡಿಸಿ ದೂರ ನಿಂತಳು. ಅನ್ನ ಬಡಿಸುವಾಗಲೂ, ಇದರಲ್ಲಿ ಎಂತ ಉಂಟೋ ಎಂದು ಹೆದರಿದಳು. ಉಪ್ಪು ಹಾಕುವಾಗ ಹೆದರಿದಳು. ನೀರು ಕೊಡುವಾಗ ಹೆದರಿದಳು.

ರೂಪೇಶನ ಫೋನು ಬಂತು. ಪ್ರಣೀತಾ ಸ್ಪೀಕರಿಗೆ ಹಾಕಿದಳು.

"ಮಾತ್ರೆಯಿಂದ ಆದದ್ದಂತೆ," ಎಂದಳು.

"ಯಾವ ಮಾತ್ರೆ? ಯಾರು ಕೊಟ್ಟದ್ದು?"

ಪ್ರಣೀತಾ ಅಮ್ಮನ ಮುಖ ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನೋಡಿದ್ದು.

"ನಾನೇ ತಗೊಂಡದ್ದು."

ದೇಯಿಗೆ ಆ ಮಾತು ಮೈಮೇಲೆ ಬಿಸಿನೀರು ಬಿದ್ದ ಹಾಗಾಯಿತು. ಮುಖ ತಿರುಗಿಸಿ ಕೂತವಳು ಈಗ ಅಮ್ಮನನ್ನು ಕಾಪಾಡುತ್ತಿದ್ದಳು. ದೇಯಿ ಫೋನು ಎತ್ತಿಕೊಂಡಳು.

"ರೂಪೇಶ, ನಾನು ಕೊಟ್ಟದ್ದು. ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಹೋಗುವಾಗ ನಾವು ತಿನ್ನುದು, ಆ ಸೊಂಟನೋವಿಂದು."

ಆ ಕಡೆ ಅವನು ಗಲಾಟೆಯಿಂದ ಬದಿಗೆ ಹೋಗಿ ಬಾಗಿಲು ಹಾಕಿಕೊಂಡ ಶಬ್ದ ಬಂತು.

"ಮಾಮಿ," ಎಂದ. "ನಾನು ಇಲ್ಲಿ ಏಣಿ ಹತ್ತುದು ಅದನ್ನೇ ತಿಂದು. ರೂಮಿನಲ್ಲಿ ಎಲ್ಲರೂ ತಿನ್ನುದು. ನನ್ನ ಹತ್ತಿರ ಕೇಳಿದ್ರೆ ನಾನೂ ಕೊಡು ಅಂತಲೇ ಹೇಳ್ತಿದ್ದೆ." ಆಮೇಲೆ ಅವನ ಸ್ವರ ಒಡೆಯಿತು. "ಅದು ಹಾರ್ಟಿಗೆ ಹೋಗ್ತದೆ ಅಂತ ಯಾರು ಎಣಿಸ್ತಾರೆ ಮಾಮಿ?"

ಮಾರನೆಯ ದಿನ ಬೆಳಿಗ್ಗೆ ದೇಯಿ ಮನೆಯಲ್ಲಿದ್ದ ಪಟ್ಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿಕೊಂಡು ನೊರ್ಬರ್ಟನ ಮೆಡಿಕಲ್ಲಿಗೆ ಹೋದಳು. ಯಾವಾಗಲೂ ಅವಳು ತೆಗೆದುಕೊಳ್ಳುತ್ತಿದ್ದದ್ದು ಅಲ್ಲೇ. ಅವಳನ್ನು ನೋಡಿದ ಕೂಡಲೇ ಅವನು ಕಪಾಟಿಗೆ ಕೈ ಹಾಕಿದ.

"ಬನ್ನಿ ದೇಯಕ್ಕ. ಯಾವ ಹಾಲಿನಲ್ಲಿ ಕೆಲಸ ಇವತ್ತು?"

ಅವಳು ತೊಟ್ಟೆಯನ್ನು ಗಾಜಿನ ಮೇಲೆ ಇಟ್ಟಳು. "ಇದು ಬಸುರಿಯರಿಗೆ ಆಗುದಿಲ್ಲ ಅಂತ ನಿಮಗೆ ಗೊತ್ತುಂಟಾ?"

ನೊರ್ಬರ್ಟನ ಕೈ ಅಲ್ಲೇ ನಿಂತಿತು. "ಗೊತ್ತುಂಟು. ಯಾರಿಗೆ ಕೊಟ್ರಿ?"

"ಮಗಳಿಗೆ."

"ಅಯ್ಯೋ ದೇವಾ. ನೀವು ಹೇಳ್ಲಿಲ್ಲ ಅಲ್ವಾ ದೇಯಕ್ಕ? ಕ್ಯಾಟರಿಂಗಿನವರಿಗೆ ಅಂತ ನಾನು ಕೊಟ್ಟದ್ದು. ಮಗಳಿಗೆ ಅಂದಿದ್ರೆ ಖಂಡಿತ ಕೊಡ್ತಿರಲಿಲ್ಲ."

"ನೀವು ಕೇಳಿದ್ದೀರಾ?"

ಅವನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲ. ಇಬ್ಬರ ನಡುವೆ ಆ ತೊಟ್ಟೆ ಬಿದ್ದಿತ್ತು. ಅವನು ಒಂದು ಪಟ್ಟಿ ಎತ್ತಿ ಹಿಂದೆ ತಿರುಗಿಸಿ, ಇಲ್ಲಿ ಬರೆದಿರುತ್ತದೆ, ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು ಎಂದು ಬೆರಳಿಟ್ಟು ತೋರಿಸಿದ. ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ದೇಯಿ ಅದನ್ನು ನೋಡಿದಳು. ಎಷ್ಟೋ ವರ್ಷ ಅವಳ ಸೊಂಟದಲ್ಲೇ ಇದ್ದ ಬರಹ.

"ಹಾಗಾದ್ರೆ ಚೀಟಿ ಇಲ್ಲದೆ ಯಾಕೆ ಕೊಟ್ಟದ್ದು?"

ನೊರ್ಬರ್ಟ್ ಮುಖ ಒರೆಸಿಕೊಂಡ. "ನೀವೆಲ್ಲ ದುಡಿಯುವವರು ಅಂತ ಕೊಟ್ಟದ್ದು."

ಅವಳೂ ಹಾಗೆಯೇ ಕೊಟ್ಟದ್ದು. ಮತ್ತೆ ಎಂತ ಜಗಳ ಮಾಡುವುದು? ಅವಳು ತೊಟ್ಟೆಯನ್ನು ಅಲ್ಲೇ ಬಿಟ್ಟು ಬಂದಳು.

ದಾರಿಯಲ್ಲಿ ಅಪ್ಪಿ ಸಿಕ್ಕಿದಳು. ವಿಷಯ ಕೇಳಿ ಅವಳು ಬಾಯಿಗೆ ಕೈ ಇಟ್ಟಳು. ಆಮೇಲೆ ಕೈ ತೆಗೆದು ವಾದ ಮಾಡಿದಳು.

"ಸುಳ್ಳು ಮಾರಾಯ್ತಿ. ನಾನು ಅದನ್ನೇ ತಿಂದು ಹೆತ್ತದ್ದು. ನನ್ನ ಮಗ ಕಬಡ್ಡಿ ಆಡ್ತಾನೆ. ಡಾಕ್ಟ್ರುಗಳಿಗೆ ಹೇಳ್ಲಿಕ್ಕೆ ಎಂತಾದ್ರೂ ಬೇಕಲ್ಲ."

"ನಾನು ಕಣ್ಣಾರೆ ನೋಡಿದ್ದೇನೆ ಅಪ್ಪಿ. ಪರದೆಯಲ್ಲಿ. ರಕ್ತ ದಾರಿ ಸಿಗದೆ ಹೊರಳಾಡುದು."

ಅಪ್ಪಿಯ ಕೈ ತನ್ನ ಬ್ಲೌಸಿನ ಒಳಗೆ ಇಟ್ಟುಕೊಂಡಿದ್ದ ಪರ್ಸನ್ನು ಮುಟ್ಟಿತು. ಅವಳ ಸೊಸೆಗೂ ತಿಂಗಳು ತುಂಬುತ್ತಾ ಬಂದಿತ್ತು. ಅವಳು ಬಂದ ದಾರಿಯಲ್ಲೇ ಬೇಗಬೇಗ ಮನೆಗೆ ತಿರುಗಿ ನಡೆದಳು.

ಆ ದಿನ ದೇಯಿ ಮಗಳ ಕೋಣೆಯ ಹೊಸ್ತಿಲಲ್ಲಿ ಕೂತಳು. ಒಳಗೆ ಹೋಗುವ ಧೈರ್ಯ ಇರಲಿಲ್ಲ, ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ. ನಡುನಡುವೆ ಕೇಳುತ್ತಿದ್ದಳು.

"ಆಡ್ತದಾ?"

"ಆಡ್ತದೆ."

ಸ್ವಲ್ಪ ಹೊತ್ತಿಗೆ ಮತ್ತೆ.

"ಈಗ?"

"ಈಗ ಸುಮ್ಮನಿದೆ." ಆಮೇಲೆ, "ಹಾಂ, ಒದ್ದಿತು."

ಮೋಹನದಾಸರು ಬರುತ್ತಾರೆ ಎಂಬ ಯೋಚನೆ ಅವಳಿಗೆ ಆಗ ಬರಲಿಲ್ಲ. ಬರುವವರು ಯಾರೇ ಆಗಲಿ, ಬರಲಿ. ಯಾರ ಮುಖ ಹೊತ್ತು ಬಂದರೂ ಸರಿ. ಉಸಿರು ಎಳೆಯುವವರೆಗೆ ಆ ಸಣ್ಣ ದಾರಿ ತೆರೆದಿರಲಿ. ಅವಳು ದೇವರಿಗೆ ಕೈ ಮುಗಿಯಲು ಹೋಗಿ ನಿಲ್ಲಿಸಿದಳು. ಈ ಕೈಯಿಂದಲೇ ಎಂತ ಮುಗಿಯುವುದು ಎಂದು ಅನಿಸಿತು.

ಡಾಕ್ಟರು ಹೇಳಿದ ದಿನ ಇಬ್ಬರೂ ಮತ್ತೆ ಹೋದರು. ಪ್ರಣೀತಾ ಮಲಗಿದಳು. ಡಾಕ್ಟರ್ ನಾಝಿಮಾ ಹೊಟ್ಟೆಗೆ ಅಂಟಂಟು ಜೆಲ್ ಹಚ್ಚಿ ಯಂತ್ರ ಇಟ್ಟರು. ದೇಯಿ ಪರದೆ ನೋಡಲಿಲ್ಲ. ಡಾಕ್ಟರ ಮುಖ ನೋಡಿದಳು. ಆ ಮುಖದಲ್ಲಿ ಏನೂ ಕಾಣಲಿಲ್ಲ. ಯಂತ್ರದಿಂದ ಓಡುವ ಶಬ್ದ ಬಂತು. ಬೇಗಬೇಗ ಓಡುವ ಶಬ್ದ. ಖೈರುನ್ನಿಸಾ ಬಾಗಿಲ ಹತ್ತಿರ ನಿಂತು ಅವಳೂ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಿ ನೋಡಿ ಅಮ್ಮ," ಎಂದರು ಡಾಕ್ಟರು.

ದೇಯಿ ನೋಡಿದಳು. ಮೊನ್ನೆ ಹಳದಿಯಾಗಿ ಕಲಸಿಹೋಗಿದ್ದ ಜಾಗದಲ್ಲಿ ನೀಲಿ ಓಡುತ್ತಿತ್ತು. ಪೂರ್ತಿ ಅಲ್ಲ. ಅಂಚಿನಲ್ಲಿ ಇನ್ನೂ ಸ್ವಲ್ಪ ಮಿಂಚು ಇತ್ತು.

"ದಾರಿ ತೆರೀತಾ ಉಂಟು. ನೀರೂ ಸ್ವಲ್ಪ ಏರಿದೆ. ಬಲಗಡೆ ಇನ್ನೂ ದಪ್ಪ ಇದೆ, ಅದು ಇಳಿಯಲಿಕ್ಕೆ ಸಮಯ ಬೇಕು. ಹುಟ್ಟುವವರೆಗೆ ನೋಡ್ತಾ ಇರುವ. ಹುಟ್ಟಿದ ಮೇಲೂ ಒಮ್ಮೆ ನೋಡಬೇಕು. ಈಗ ಬೇಗ ಹೆರಿಗೆ ಮಾಡಿಸುದು ಬೇಡ."

ಪ್ರಣೀತಾ ಜೋರಾಗಿ ಅತ್ತಳು. ಖೈರುನ್ನಿಸಾ ಅವಳ ಕಾಲು ತಟ್ಟಿದಳು. ದೇಯಿಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಒಂದು ಮಾತ್ರೆ ನಿಲ್ಲಿಸಿದ್ದಕ್ಕೆ ಇಷ್ಟು ಬೇಗ ತೆರೆಯುವ ದಾರಿಯಾದರೆ, ಇನ್ನೂ ಕೆಲವು ದಿನ ಕೊಟ್ಟಿದ್ದರೆ? ಅವತ್ತು ಮಗಳು ಮನೆಯಲ್ಲೇ ಚಾಯ ಕುಡಿದು ಬಂದಿದ್ದರೆ? ಆ ನರ್ಸ್ ಸ್ವಲ್ಪ ತಡವಾಗಿ ಹೊರಗೆ ಬಂದಿದ್ದರೆ? ದೇಯಿ ಮಂಚದ ಕಬ್ಬಿಣ ಹಿಡಿದು ನಿಂತಳು.

ಪ್ರಣೀತಾ ಎದ್ದು ಕೂತಳು. ಏಳುವಾಗ ಸೊಂಟ ಹಿಡಿಯಿತು. ನೋವು ಎಲ್ಲಿಗೂ ಹೋಗಿರಲಿಲ್ಲ. ಹೆತ್ತು ಮುಗಿಯುವವರೆಗೆ ಹೋಗುವುದೂ ಇಲ್ಲ. ಅವಳು ಕಣ್ಣು ಮುಚ್ಚಿ ಕೈ ಹಿಂದಕ್ಕೆ ಮಾಡಿದಳು.

"ಅಮ್ಮ, ಇಲ್ಲಿ ಸ್ವಲ್ಪ ಒತ್ತು."

ಎರಡು ದಿನದಲ್ಲಿ ಮಗಳು ತಾನಾಗಿ ಕೇಳಿದ್ದು ಅದೇ ಮೊದಲು. ದೇಯಿಯ ಕೈ ಅರ್ಧ ದಾರಿಗೆ ಹೋಯಿತು. ಅಲ್ಲೇ ನಿಂತಿತು. ಅವಳು ಡಾಕ್ಟರ ಕಡೆ ತಿರುಗಿದಳು.

"ಕೈಯಲ್ಲಿ ಒತ್ತಬಹುದಾ ಡಾಕ್ಟ್ರೇ?"

ಖೈರುನ್ನಿಸಾ ನಗಲು ಹೊರಟವಳು ನಿಲ್ಲಿಸಿದಳು. ಡಾಕ್ಟರು ನಗಲಿಲ್ಲ.

"ಒತ್ತಿ ಅಮ್ಮ. ಅದಕ್ಕೆ ಎಂತ ತೊಂದರೆ ಇಲ್ಲ."

"ಮಗುವಿಗೆ?"

"ಮಗುವಿಗೂ ಇಲ್ಲ."

ದೇಯಿ ಮಗಳ ಸೊಂಟದ ಮೇಲೆ ಅಂಗೈ ಇಟ್ಟಳು. ಇಟ್ಟಳು ಅಷ್ಟೇ. ಒತ್ತಲು ಕೈ ಬರಲಿಲ್ಲ.

"ಜೋರು ಒತ್ತು ಅಮ್ಮ," ಎಂದಳು ಪ್ರಣೀತಾ. "ಇದೆಂತ, ನೊಣ ಕೂತ ಹಾಗೆ."

ದೇಯಿ ಒತ್ತಿದಳು.